ಅಜ್ಜಿಯ ಶಾಲು ತೆಗೆಯದೆ ಹೋದ ಮಧ್ಯಾಹ್ನ

ನಮ್ಮ ಶಾಲೆಯಲ್ಲಿ ಅವರನ್ನು ಎಲ್ಲರೂ ಕಥೆ ಟೀಚರ್ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಆದರೆ ಅದನ್ನು ಯಾರಾದರೂ ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ. ನಾನು ಅವರ ಪಕ್ಕದ ತರಗತಿಗೆ ಕಲಿಸುವವಳು. ನಮ್ಮ ಎರಡು ಕೋಣೆಗಳ ನಡುವೆ ಗೋಡೆ ಇರಲಿಲ್ಲ, ತಲೆಯೆತ್ತರದ ಹಲಗೆಯ ಅಡ್ಡವೊಂದಿತ್ತು. ಹೀಗಾಗಿ ಹನ್ನೊಂದು ವರ್ಷ ಅವರ ಕಥೆಗಳನ್ನು ನಾನು ಕಣ್ಣಿಂದ ನೋಡದೆ ಕಿವಿಯಿಂದಷ್ಟೇ ಕೇಳಿದವಳು. ಆ ಕಡೆ ಹುಲಿ ಗರ್ಜಿಸಿದರೆ ಈ ಕಡೆ ನನ್ನ ಮಕ್ಕಳು ಕೂಡಿಸುವ ಲೆಕ್ಕ ಬಿಟ್ಟು ಕಿವಿ ನೆಟ್ಟಗೆ ಮಾಡುತ್ತಿದ್ದರು. ಎಷ್ಟೋ ಸಲ ನಾನೂ.

ಹಾಗೆ ಗರ್ಜಿಸುತ್ತಿದ್ದ ಹೆಂಗಸು ಕಥೆಯ ಹೊರಗೆ ಶುದ್ಧ ಪುಕ್ಕಲಿ. ಬೆಳಿಗ್ಗೆ ಮನೆಯಿಂದ ಹೊರಡುವಾಗ ಒಲೆಯ ಗುಂಡಿ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಸಲ ನೋಡುವರು. ಬಸ್ ಸ್ಟಾಪಿಗೆ ಬಂದ ಮೇಲೆ ಮತ್ತೆ ಅನುಮಾನ ಬಂದು ವಾಪಸ್ ಹೋಗಿ, ಬಸ್ಸು ತಪ್ಪಿಸಿಕೊಂಡು, ಏದುಸಿರು ಬಿಡುತ್ತಾ ಶಾಲೆಗೆ ಬಂದ ದಿನಗಳು ಬೇಕಾದಷ್ಟಿವೆ. ಅವರ ಯಜಮಾನರು ಲಿಫ್ಟ್ ರಿಪೇರಿ ಮಾಡುವವರು. ಒಮ್ಮೆ ನನ್ನೆದುರಿಗೇ ಹೇಳಿದ್ದರು, "ದಿನಾ ನೂರಾರು ಜನರನ್ನ ಹಗ್ಗಕ್ಕೆ ನೇತುಹಾಕಿ ಬಂದು ನಾನು ಗೊರಕೆ ಹೊಡೀತೀನಿ. ಇವಳು ಹಾಲಿನ ಪಾತ್ರೆಗೆ ಮುಚ್ಚಳ ಹಾಕಿದ್ನೋ ಇಲ್ವೋ ಅಂತ ಎದ್ದು ಕೂರ್ತಾಳೆ."

ಕಥೆ ಟೀಚರ್ ತವರಿನ ನಾಲ್ಕು ಮಕ್ಕಳಲ್ಲಿ ಕೊನೆಯವರಂತೆ. ಮನೆಗೆ ಯಾರಾದರೂ ಬಂದರೆ ಬಾಗಿಲ ಹಿಂದೆ ನಿಂತುಕೊಳ್ಳುತ್ತಿದ್ದರಂತೆ. ಅವರ ದೊಡ್ಡಕ್ಕ ಬಂದವರಿಗೆ, "ನಮ್ಮನೇಲಿ ಮೂರೂವರೆ ಮಕ್ಕಳು, ಅರ್ಧ ಬಾಗಿಲ ಹಿಂದಿದೆ" ಎಂದು ಪರಿಚಯ ಮಾಡಿಕೊಡುತ್ತಿದ್ದಳಂತೆ. ಟೀಚರ್ ಕೆಲಸಕ್ಕೆ ಯಾಕೆ ಬಂದಿರಿ ಅಕ್ಕಾ ಎಂದು ಕೇಳಿದ್ದಕ್ಕೆ, "ಐದು ವರ್ಷದ ಮಕ್ಕಳ ಮುಂದೆ ಮಾತ್ರ ನನಗೆ ಭಯ ಆಗಲ್ಲ ಕಣೇ. ಅವಕ್ಕೂ ಭಯ, ನನಗೂ ಭಯ, ಸಮ ಸಮ" ಎಂದಿದ್ದರು.

ಕಥೆಯನ್ನು ಆಡಿ ತೋರಿಸುವುದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಕೆಲಸಕ್ಕೆ ಸೇರಿದ ಮೂರನೇ ವರ್ಷ ಗಂಟಲು ಕಟ್ಟಿ ಎರಡು ವಾರ ದನಿಯೇ ಹೊರಡಲಿಲ್ಲ. ರಜೆ ಕೇಳಲು ಹೆದರಿಕೆ. ಅತ್ತೆಯ ಹಳೆಯ ಕಂದು ಶಾಲನ್ನು ಕುತ್ತಿಗೆಗೆ ಸುತ್ತಿಕೊಂಡು ಬಂದು ಮಕ್ಕಳ ಮುಂದೆ ನಿಂತರು. ಶಾಲು ತಲೆಯ ಮೇಲೆ ಬಂತು, ಬೆನ್ನು ಬಾಗಿತು, ಕೈಯಲ್ಲಿ ಇಲ್ಲದ ಕೋಲೊಂದು ಬಂತು. ಮೂವತ್ನಾಲ್ಕು ಮಕ್ಕಳು ಗಪ್‌ಚಿಪ್. ಒಬ್ಬ, "ಅಜ್ಜಿ ಏನೋ ಕಳ್ಕೊಂಡಿದೆ" ಎಂದ. ಇನ್ನೊಬ್ಬಳು, "ಕನ್ನಡಕ" ಎಂದಳು. ಮೂಗಿ ಅಜ್ಜಿ ಕೈಸನ್ನೆ ಮಾಡುತ್ತಾ ಹೋದಂತೆ ಮಕ್ಕಳೇ ಕಥೆ ಹೇಳಿಕೊಂಡು ಹೋದವು. ಆ ಎರಡು ವಾರದಲ್ಲಿ ತನ್ನ ತರಗತಿಯಲ್ಲಿ ಕೇಳಿಸಿದಷ್ಟು ಮಾತು ಹಿಂದಿನ ಎರಡು ವರ್ಷದಲ್ಲಿ ಕೇಳಿಸಿರಲಿಲ್ಲ ಎಂದು ಅವರು ಹೇಳುತ್ತಿದ್ದರು.

ಅಂದಿನಿಂದ ಪ್ರತಿ ಗುರುವಾರ ಮಧ್ಯಾಹ್ನ ಅಜ್ಜಿ ಬರುತ್ತಿದ್ದಳು. ಕಳೆಯುವ ಲೆಕ್ಕ ತಲೆಗೇ ಹತ್ತದ ಹುಡುಗ ಅಜ್ಜಿಯ ಕುರಿಗಳಲ್ಲಿ ಎಷ್ಟು ತಪ್ಪಿಸಿಕೊಂಡವು ಎಂದು ಥಟ್ಟನೆ ಹೇಳುತ್ತಿದ್ದ. ಒಂದಕ್ಷರ ಬರೆಯಲು ಅಳುತ್ತಿದ್ದವಳು ಅಜ್ಜಿಗೆ ಅರ್ಧ ಪುಟ ಕಾಗದ ಬರೆದಳು. ಪುಕ್ಕಲಿಯಾದ್ದರಿಂದಲೇ ಇರಬೇಕು, ಅವರು ಒಂದು ಕಟ್ಟುಪಾಡು ಇಟ್ಟುಕೊಂಡಿದ್ದರು. ಕಥೆ ಮುಗಿದ ಕೂಡಲೇ ಎಲ್ಲರ ಕಣ್ಣೆದುರು ಶಾಲು ತೆಗೆದು, ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು ಕೇಳುವರು.

"ಈಗ ನಾನ್ಯಾರು?"

"ಟೀಚರ್."

"ಅಜ್ಜಿ ಎಲ್ಲಿ?"

"ಕಥೇಲಿ."

"ನಾವೆಲ್ಲಿ?"

"ಕ್ಲಾಸಲ್ಲಿ."

ಮೂವತ್ತು ನಲವತ್ತು ಗಂಟಲು ಒಟ್ಟಿಗೆ ಇದನ್ನು ಹೇಳದೆ ಅವರ ತರಗತಿಯ ಬಾಗಿಲು ತೆರೆಯುತ್ತಿರಲಿಲ್ಲ. ಹಲಗೆಯ ಈಚೆ ಕೂತ ನನಗೂ ಅದು ಬಾಯಿಪಾಠ.

ಈಗ ಹೇಳಹೊರಟಿರುವ ಗುರುವಾರ ಅಜ್ಜಿಯ ಕಥೆ ನಡುವಿನಲ್ಲಿತ್ತು. ಅಜ್ಜಿಯ ಸ್ನೇಹಿತೆ ಒಂದು ಹಕ್ಕಿ. ಎತ್ತರದ ಸೇತುವೆಯ ಮೇಲೆ ಕೂತು ಗೂಡಿನ ದಾರಿ ಮರೆತುಬಿಟ್ಟಿದೆ. ಅಜ್ಜಿಗೆ ಮಂಡಿನೋವು, ಮೆಟ್ಟಿಲು ಹತ್ತಲಾರಳು. "ಕತ್ತಲಾಗೋದ್ರೊಳಗೆ ಯಾರಾದ್ರೂ ಹತ್ತಿ ಹೋಗಿ ಅದಕ್ಕೆ ದಾರಿ ಹೇಳ್ಬೇಕಲ್ಲಪ್ಪಾ. ಇಲ್ದಿದ್ರೆ ಮರಿಗಳು ಹಸ್ಕೊಂಡು ಮಲಗ್ತಾವೆ" ಎಂದು ಆ ನಡುಗುವ ದನಿ ಹೇಳಿದ್ದು ನನಗೆ ಕೇಳಿಸಿತು. ಆಮೇಲೆ ದನಿ ಇನ್ನೂ ತಗ್ಗಿತು. "ಇದು ನಮ್ಮನಮ್ಮಲ್ಲೇ ಗುಟ್ಟು. ದೊಡ್ಡೋರಿಗೆ ಹೇಳಿದ್ರೆ ಹಕ್ಕಿ ಹೆದರಿ ಹಾರಿಬಿಡತ್ತೆ."

ಮುಂದಿನದು ಹೀಗಾಗಬೇಕಿತ್ತು: ಎರಡು ಬೆಂಚು ಜೋಡಿಸಿ ಸೇತುವೆ, ಅದರ ಮೇಲೆ ಒಂದು ಕಾಗದದ ಹಕ್ಕಿ. ಒಬ್ಬೊಬ್ಬರಾಗಿ ಹತ್ತಿ ಎಡ, ಬಲ, ಮುಂದೆ, ಹಿಂದೆ ಎಂದು ದಾರಿ ಹೇಳಬೇಕು. ಅಂದಿನ ಪಾಠವೇ ಎಡ ಬಲ. ಬೆಂಚು ಎಳೆಯುವ ಸದ್ದು ಕೇಳುತ್ತಿದ್ದಂತೆ ಆಫೀಸಿನ ಆಯಾ ಬಂದು, ಹೆಡ್ ಮೇಡಂ ಈ ಕ್ಷಣ ಕರೆಯುತ್ತಿದ್ದಾರೆ, ಮೇಲಿನ ಆಫೀಸಿನಿಂದ ಫೋನು, ಮಕ್ಕಳ ಪಟ್ಟಿಯಲ್ಲಿ ಏನೋ ಹೆಚ್ಚುಕಮ್ಮಿಯಾಗಿದೆ ಎಂದಳು. ಹೆಡ್ ಮೇಡಂ ಎಂದರೆ ಕಥೆ ಟೀಚರಿಗೆ ಕೈಕಾಲು ತಣ್ಣಗಾಗುತ್ತಿತ್ತು. ಶಾಲು ಹೊದ್ದುಕೊಂಡೇ ಹಲಗೆಯಾಚೆಯಿಂದ ತಲೆ ಚಾಚಿ, "ಒಂದ್ನಿಮಿಷ ನೋಡ್ಕೋತೀಯಾ" ಎಂದು ಓಡಿದರು.

ಏಳು ನಿಮಿಷಕ್ಕೆ ಕೊನೆಯ ಗಂಟೆ ಹೊಡೆಯಿತು. ಅವರು ಬಂದಿರಲಿಲ್ಲ. ನಾನು ಎರಡೂ ತರಗತಿಯ ಮಕ್ಕಳನ್ನು ಸಾಲು ನಿಲ್ಲಿಸಿ, ಚೀಲ ನೀರಿನ ಬಾಟಲಿ ನೋಡಿಕೊಳ್ಳಿ ಎಂದು ಗೇಟಿನ ಕಡೆ ಕಳಿಸಿಬಿಟ್ಟೆ. ಈಗ ನಾನ್ಯಾರು ಎಂದು ಯಾರೂ ಕೇಳಲಿಲ್ಲ. ಹನ್ನೊಂದು ವರ್ಷ ಅದನ್ನು ಕೇಳಿಸಿಕೊಂಡವಳಿಗೂ ಆಗ ಅದು ಹೊಳೆಯಲಿಲ್ಲ.

ಗಂಟೆ ಹೊಡೆದು ಇಪ್ಪತ್ತು ನಿಮಿಷಕ್ಕೆ ಬಟಾಣಿಯ ದೊಡ್ಡಮ್ಮ ಬಂದರು. ಬಟಾಣಿ ಎಂದರೆ ಕಥೆ ಟೀಚರ್ ತರಗತಿಯಲ್ಲಿ ಎಲ್ಲರಿಗಿಂತ ಕುಳ್ಳಿ, ಐದೂವರೆ ವರ್ಷದ ಹುಡುಗಿ. ಅವಳ ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು, ಅಪ್ಪ ಲಾರಿಯ ಮೇಲೆ ವಾರಗಟ್ಟಲೆ ಊರೂರು. ಶಾಲೆಯ ಬೀದಿಯ ತುದಿಯಲ್ಲಿ ಬಟನ್ನು, ದಾರದ ಅಂಗಡಿ ಇಟ್ಟಿದ್ದ ದೊಡ್ಡಮ್ಮನೇ ದಿನಾ ಕರೆದೊಯ್ಯುತ್ತಿದ್ದರು. ಅಂಗಡಿಯಲ್ಲಿ ಗಿರಾಕಿಗಳಿದ್ದು ಅಂದು ತಡವಾಗಿತ್ತು.

"ನಮ್ ಬಟಾಣಿ ಒಳಗಿದ್ದಾಳಾ?" ಎಂದರು.

ನಾನು ಇಲ್ಲ ಎಂದೆ. ಗೇಟಿನ ತಾತ, "ಎಲ್ಲಾ ಹೋದ್ವಲ್ಲಮ್ಮ, ನೀವು ಬಂದಿರಿ ಅಂದ್ಕೊಂಡೆ" ಎಂದ. ದೊಡ್ಡಮ್ಮ ಅಂಗಡಿಗೆ ಓಡಿ ನೋಡಿ ವಾಪಸ್ ಓಡಿಬಂದರು. ಕಕ್ಕಸು, ನೀರಿನ ತೊಟ್ಟಿ, ಮೆಟ್ಟಿಲ ಕೆಳಗೆ, ಆಟದ ಸಾಮಾನಿನ ಕೋಣೆ, ಎಲ್ಲಾ ಹುಡುಕಿದೆವು. ಖಾಲಿ ತರಗತಿಯಲ್ಲಿ ಎರಡು ಬೆಂಚು ಅರ್ಧ ಜೋಡಿಸಿದಂತೆ ನಿಂತಿದ್ದವು.

ಆಫೀಸಿನಿಂದ ಆಗಷ್ಟೇ ಮರಳಿದ ಕಥೆ ಟೀಚರ್ ಮುಖದಲ್ಲಿ ಆ ಬೆಂಚು ನೋಡುತ್ತಿದ್ದಂತೆ ರಕ್ತವೇ ಉಳಿಯಲಿಲ್ಲ. ನನ್ನ ತೋಳು ಹಿಡಿದುಕೊಂಡರು.

"ಕಳಿಸೋವಾಗ ಕೇಳಿದ್ಯಾ? ನಾನ್ಯಾರು ಅಂತ?"

"ಇಲ್ಲ ಅಕ್ಕಾ."

ಅವರು ನನ್ನನ್ನು ಬಯ್ಯಲಿಲ್ಲ. ನೇರ ಹೆಡ್ ಮೇಡಂ ಕೋಣೆಗೆ ಹೋದರು. ದನಿ ನಡುಗುತ್ತಿತ್ತು, ಆದರೆ ಹೇಳಿದರು. "ಮೇಡಂ, ಮಗು ಎಲ್ಲೋ ಸೇತುವೆ ಹುಡುಕ್ಕೊಂಡು ಹೋಗಿದೆ. ನಾನೇ ಹೋಗು ಅಂದಿದ್ದು. ಕಥೇಲಿ ಹೇಳಿದ್ದು, ಕಥೆ ಮುಗಿಸಿಲ್ಲ."

ಹೆಡ್ ಮೇಡಂ ಫೋನು ಕೆಳಗಿಟ್ಟು ಬಾಗಿಲ ಕಡೆ ನೋಡಿದರು. "ಪೊಲೀಸಿಗೆ ಹೇಳಿದ್ದೀನಿ, ಬರ್ತಾ ಇದ್ದಾರೆ. ಸೇತುವೆ ವಿಷಯ ಅವರಿಗೆ ಹೇಳೋಣ, ಹುಡುಕಲಿ. ಆದ್ರೆ ನೀವೇ ಹೇಳಿದ್ದು ಅಂತ ಆ ತಾಯಿ ಮುಂದೆ ಹೇಳ್ಬೇಡಿ. ಗೇಟಿನಿಂದ ಮಗು ಒಬ್ಬಳೇ ಹೊರಗೆ ಹೋಗಿದೆ. ಅದು ಗೇಟಿನವನ ತಪ್ಪು. ಅಷ್ಟು ಸಾಕು."

ಅಷ್ಟರಲ್ಲಿ ದೊಡ್ಡಮ್ಮನ ಫೋನು ಹೋಗಿ ಬಟಾಣಿಯ ಅಮ್ಮ ಬಂದೇಬಿಟ್ಟಳು. ಆಸ್ಪತ್ರೆಯ ನೀಲಿ ಅಂಗಿ, ಮೊಣಕೈಯವರೆಗೆ ಒದ್ದೆ. ಅವಳು ಅಳುತ್ತಿರಲಿಲ್ಲ. ಒಬ್ಬೊಬ್ಬರ ಮುಖ ನೋಡುತ್ತಾ ಬಂದಳು. ಕಥೆ ಟೀಚರ್ ಹೆಡ್ ಮೇಡಂ ಕಡೆ ತಿರುಗಲಿಲ್ಲ. ಅವಳ ಎದುರು ನಿಂತು ಎಲ್ಲವನ್ನೂ ಹೇಳಿದರು: ಹಕ್ಕಿ, ಸೇತುವೆ, ಗುಟ್ಟು, ಕತ್ತಲಾಗುವುದರೊಳಗೆ ಎಂದದ್ದು. ನಾನಾಗಿದ್ದರೆ ಆ ಹೊತ್ತಿಗೆ ಬಾಯಿ ಬಿಡುತ್ತಿರಲಿಲ್ಲ. ಬಿಡಲೂ ಇಲ್ಲ, ಮಕ್ಕಳನ್ನು ಕಳಿಸಿದವಳು ನಾನು ಎಂಬ ಮಾತು ನನ್ನ ಗಂಟಲಲ್ಲೇ ಉಳಿಯಿತು.

ಆ ತಾಯಿ, "ಯಾವ ಸೇತುವೆ?" ಎಂದಳು.

ಹತ್ತಿರದಲ್ಲಿ ಇದ್ದದ್ದು ಒಂದೇ. ಮರದ ಡಿಪೋ ಹಿಂದೆ ಕಾಲುವೆ, ಅದರ ಮೇಲೆ ಜನ ನಡೆದು ದಾಟುವ ಕಿರಿದಾದ ಕಬ್ಬಿಣದ ಸೇತುವೆ. ಕಾಲುವೆಯಲ್ಲಿ ಆಗ ತುಂಬ ನೀರು. ಮೂವರೂ ಓಡಿದೆವು. ಕಥೆ ಟೀಚರ್ ಶಾಲು ಇನ್ನೂ ಹೆಗಲ ಮೇಲೇ ಇತ್ತು, ಅದು ಅವರಿಗೆ ಗೊತ್ತೇ ಇರಲಿಲ್ಲ. ಡಿಪೋ ಮುಂದೆ ಮರ ಇಳಿಸುತ್ತಿದ್ದವನೊಬ್ಬ, "ಅಜ್ಜಿ, ನಿಧಾನ, ಬಿದ್ದೀರಿ" ಎಂದು ಕೂಗಿದ.

ಸೇತುವೆಯ ಮೇಲೆ ಯಾರೂ ಇರಲಿಲ್ಲ. ಕೆಳಗೆ ನೀರು ಸದ್ದಿಲ್ಲದೆ ಹೋಗುತ್ತಿತ್ತು. ಕಂಬಕ್ಕೆ ಸಿಕ್ಕಿಕೊಂಡು ನೀಲಿ ಬಣ್ಣದ್ದೇನೋ ಒಂದು ಮುಳುಗುತ್ತ ತೇಲುತ್ತ ಇತ್ತು. ಬಟಾಣಿಯ ಚೀಲ ನೀಲಿ. ಆ ತಾಯಿ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿದಳು. ಕಥೆ ಟೀಚರ್ ದಡದ ಕೆಸರಿನಲ್ಲಿ ಇಳಿದು, ಸೊಂಟದವರೆಗೆ ನೀರಿಗೆ ಹೋಗಿ, ಕೈ ಚಾಚಿ ಎಳೆದರು. ಸಿಮೆಂಟಿನ ಖಾಲಿ ಚೀಲ. ಅದನ್ನು ಹಿಡಿದುಕೊಂಡು ಅವರು ಅಲ್ಲೇ ನಿಂತುಬಿಟ್ಟರು, ನೀರಿನಲ್ಲಿ. ನಾನು ಕೈಕೊಟ್ಟು ಮೇಲೆ ಎಳೆಯಬೇಕಾಯಿತು. ಮೇಲೆ ಬಂದವರೇ ಹೇಳಿದ್ದು, "ಇದು ನನ್ನ ಸೇತುವೆ. ಅವಳ ಸೇತುವೆ ಬೇರೆ ಇರ್ಬೇಕು."

"ಅಂದ್ರೆ?" ಎಂದಳು ತಾಯಿ.

"ಮಕ್ಕಳು ಕಥೆ ಕೇಳೋವಾಗ ತಾವು ನೋಡಿರೋ ಸೇತುವೇನೇ ಅಂದ್ಕೋತಾವೆ. ಅವಳು ಯಾವುದು ಅಂದ್ಕೊಂಡ್ಳೋ. ಪಟಪಟಿಗೆ ಹೇಳಿರ್ತಾಳೆ."

ಪಟಪಟಿ ಬಟಾಣಿಯ ಪಕ್ಕ ಕೂರುತ್ತಿದ್ದವಳು. ವಾರದ ಏಳು ದಿನವೂ ಬಾಯಿ ಮುಚ್ಚದ ಹುಡುಗಿ ಎಂದು ಆ ಹೆಸರು. ಮನೆ ಎರಡು ಬೀದಿಯಾಚೆ. ನಾವು ಹೋಗುವಷ್ಟರಲ್ಲಿ ಹೆಡ್ ಮೇಡಂ ಕಳಿಸಿದ್ದ ಪೊಲೀಸಮ್ಮ ಆಗಲೇ ಅಲ್ಲಿದ್ದರು. ಸೋಫಾದ ಅಂಚಿನಲ್ಲಿ ಪಟಪಟಿ ಕೂತಿದ್ದಳು, ತುಟಿ ಒಳಗೆ ಎಳೆದುಕೊಂಡು. ಅವಳ ಅಮ್ಮ, "ಹೇಳೇ, ಅವಳೆಲ್ಲಿಗೆ ಹೋದ್ಲು ಹೇಳೇ" ಎಂದು ಭುಜ ಅಲುಗಿಸುತ್ತಿದ್ದಳು. ಪೊಲೀಸಮ್ಮ ಮೆತ್ತಗೆ ಕೇಳಿದರು. ಬಟಾಣಿಯ ಅಮ್ಮ ಕಾಲ ಬಳಿ ಕೂತು ಕೇಳಿದಳು. ಪಟಪಟಿ ಒಂದು ಸಲ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಗೋಡೆಯ ಗಡಿಯಾರದಲ್ಲಿ ಐದಾಗಲು ಐದು ನಿಮಿಷ. ಕಿಟಕಿಯ ಬೆಳಕು ಹಳದಿಯಾಗುತ್ತಿತ್ತು.

ಕಥೆ ಟೀಚರ್ ಬಾಗಿಲಲ್ಲೇ ನಿಂತಿದ್ದರು, ಸೀರೆಯಿಂದ ನೀರು ತೊಟ್ಟಿಕ್ಕುತ್ತಾ. ಅಷ್ಟು ಜನ ದೊಡ್ಡವರ ಮುಂದೆ ಅವರು ಯಾವತ್ತೂ ಬಾಯಿ ಬಿಟ್ಟವರಲ್ಲ. ಶಾಲೆಯ ವಾರ್ಷಿಕ ಸಭೆಯಲ್ಲಿ ಎರಡು ಮಾತಾಡಿ ಎಂದರೆ ಜ್ವರ ಬರುತ್ತಿತ್ತು. ಶಾಲನ್ನು ತಲೆಯ ಮೇಲೆ ಎಳೆದುಕೊಂಡರು. ಬೆನ್ನು ಬಾಗಿತು. ಒಂದು ಕೈ ಮಂಡಿಯ ಮೇಲೆ.

"ಅಯ್ಯಪ್ಪಾ, ಈ ಮಂಡಿ" ಎಂದಿತು ಆ ನಡುಗುವ ದನಿ. "ಹಕ್ಕಿ ಏನಾಯ್ತೋ ಏನೋ. ನನ್ನ ಹತ್ರ ಯಾರೂ ಹೇಳೋರೇ ಇಲ್ಲ."

ಪೊಲೀಸಮ್ಮ ಹುಬ್ಬು ಗಂಟಿಕ್ಕಿ ಇವರನ್ನು ನೋಡಿದರು. ಪಟಪಟಿಯ ಕೈ ಬಾಯಿಂದ ಜಾರಿತು.

"ಅಜ್ಜಿ," ಎಂದಳು ಪಿಸುದನಿಯಲ್ಲಿ, "ಬಟಾಣಿ ಹೋಗಿದ್ದಾಳೆ. ಹೇಳ್ತಾಳೆ ಅದಕ್ಕೆ."

"ಹೌದಾ ಕಂದಾ? ಯಾವ ಕಡೆ ಹೋದ್ಲು? ನನಗೆ ಕಿವಿಲಿ ಹೇಳು."

ಪಟಪಟಿ ಎದ್ದು ಬಂದು ಒದ್ದೆ ಶಾಲಿನೊಳಗೆ ಮುಖ ತೂರಿಸಿದಳು. ಅಜ್ಜಿ ತಲೆಯಾಡಿಸಿದಳು, ಮತ್ತೇನೋ ಕೇಳಿದಳು, ಮತ್ತೆ ತಲೆಯಾಡಿಸಿದಳು. ಆಮೇಲೆ ತಲೆಯೆತ್ತಿ ತಾಯಿಯ ಕಡೆ ನೋಡಿದಾಗ ಅದು ಅಜ್ಜಿಯ ಮುಖವಾಗಿರಲಿಲ್ಲ.

"ನಿಮ್ಮ ಆಸ್ಪತ್ರೇಲಿ ಎರಡು ಬಿಲ್ಡಿಂಗ್ ಮಧ್ಯೆ ಮೇಲುಗಡೆ ಸೇತುವೆ ಇದ್ಯಾ? ಪಾರಿವಾಳ ಕೂರತ್ತಾ ಅಲ್ಲಿ?"

ತಾಯಿಯ ಕೈ ತನ್ನ ಬಾಯಿಗೆ ಹೋಯಿತು. "ಮೂರನೇ ಮಹಡಿ. ನಾವು ಬಟ್ಟೆ ತಳ್ಳುಗಾಡಿ ತಗೊಂಡು ಹೋಗೋದೇ ಅದರಲ್ಲಿ. ಒಂದ್ಸಲ ಕರ್ಕೊಂಡು ಹೋಗಿ ತೋರಿಸಿದ್ದೆ." ತಡೆದು ಹೇಳಿದಳು, "ಈಗ ಅಲ್ಲಿ ಕೆಲಸ ನಡೀತಿದೆ. ಕಿಟಕಿ ಗಾಜೆಲ್ಲ ತೆಗೆದುಬಿಟ್ಟಿದ್ದಾರೆ."

ಪೊಲೀಸಮ್ಮ ಫೋನು ಮಾಡುತ್ತಿದ್ದಂತೆ ಪಟಪಟಿಯ ಅಪ್ಪ ಕಾರು ತೆಗೆದ. ಬಟಾಣಿಯ ಅಮ್ಮ ತನ್ನ ವಿಭಾಗದ ಮೇಲ್ವಿಚಾರಕನಿಗೆ ಫೋನು ಮಾಡಿದಳು. ನೋಡಿ ಬರ್ತೀನಿ ಎಂದವನು ಆಮೇಲೆ ಫೋನೇ ಎತ್ತಲಿಲ್ಲ. ಆಸ್ಪತ್ರೆಗೆ ದಾರಿ ಹೆಚ್ಚೆಂದರೆ ಒಂದು ಮೈಲಿ. ನಡುವೆ ಬಸ್ಸು ಲಾರಿ ಓಡಾಡುವ ದೊಡ್ಡ ರಸ್ತೆ. ಈ ರಸ್ತೆಯನ್ನು ಬಟಾಣಿ ಒಬ್ಬಳೇ ದಾಟಿದ್ದಾಳೆ ಎಂದು ಎಲ್ಲರೂ ಯೋಚಿಸುತ್ತಿದ್ದೆವು. ಕಥೆ ಟೀಚರ್ ಶಾಲಿನ ಅಂಚನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು.

ಮೂರನೇ ಮಹಡಿಯ ಮೆಟ್ಟಿಲ ತುದಿಯಲ್ಲಿ ಮೇಲ್ವಿಚಾರಕ ಎರಡೂ ತೋಳು ಚಾಚಿ, ದಾರಿಗೆ ಅಡ್ಡವಾಗಿ ನಿಂತಿದ್ದ. ನಮ್ಮನ್ನು ಕಂಡು ತುಟಿಯ ಮೇಲೆ ಬೆರಳಿಟ್ಟ. "ಕೂಗ್ಬೇಡಿ. ಕರೆದ್ರೆ ತಿರುಗ್ತಾಳೆ."

ಅವನ ಹಿಂದೆ ಉದ್ದನೆಯ ಇಕ್ಕಟ್ಟಾದ ಓಣಿಯಂಥ ಸೇತುವೆ. ಒಂದು ಬದಿಯ ಗಾಜುಗಳೆಲ್ಲ ತೆಗೆದು ಬರೀ ಗಾಳಿ. ಅಡ್ಡ ಕಟ್ಟಿದ್ದ ಹಗ್ಗದ ಕೆಳಗೆ ನುಸುಳಿ, ಟೈಲ್ಸಿನ ಪೆಟ್ಟಿಗೆಗಳನ್ನು ಮೆಟ್ಟಿಲು ಮಾಡಿಕೊಂಡು, ಬಟಾಣಿ ಕಿಟಕಿಯ ದಂಡೆಯ ಮೇಲೆ ಮೊಣಕಾಲೂರಿದ್ದಳು. ತಲೆ ಹೊರಗೆ. ಬೆನ್ನಿಗೆ ಇನ್ನೂ ಚೀಲ. ಹೊರಗಿನ ಅಂಚಿನಲ್ಲಿ ಒಂದು ಪಾರಿವಾಳ.

ಕಥೆ ಟೀಚರ್ ಒಂದು ಹೆಜ್ಜೆ ಮುಂದಿಟ್ಟು ಶಾಲಿಗೆ ಕೈ ಹಾಕಿದರು. ತಾಯಿ ಅವರ ಮಣಿಕಟ್ಟು ಹಿಡಿದಳು. ಜೋರಾಗಿ ಅಲ್ಲ.

"ಸಾಕು. ನೀವು ಇಲ್ಲೇ ಇರಿ."

ಚಪ್ಪಲಿ ಕಳಚಿಟ್ಟು, ಗೋಡೆಗೆ ಒತ್ತಿಕೊಂಡು, ತೊಳೆದ ಬಟ್ಟೆ ಹೊತ್ತು ನಡೆಯುವವಳ ಹಾಗೆ ಒಂದೇ ಸಮ ನಡೆದಳು. ಮನೆಯೊಳಗೆ ಮಾತಾಡುವಂತೆ ಮಾತಾಡುತ್ತಾ ಹೋದಳು.

"ಬಟಾಣಿ, ಅಮ್ಮ ಬಂದೆ ಕಣೇ. ತಿರುಗ್ಬೇಡ, ಹಕ್ಕಿ ಹೆದರತ್ತೆ. ಏನ್ ಹೇಳ್ತಿದ್ದೀಯಾ ಅದಕ್ಕೆ?"

"ದಾರಿ," ಎಂದಳು ಬಟಾಣಿ, ತಿರುಗದೆ. "ಕೇಳಿಸ್ಕೊಳ್ತಾನೇ ಇಲ್ಲ ಅಮ್ಮ ಇದು."

"ಇನ್ನೊಂದ್ಸಲ ಹೇಳು, ನಾನೂ ಕೇಳ್ತೀನಿ."

"ಮೊದ್ಲು ಎಡಕ್ಕೆ. ಆಮೇಲೆ ದೊಡ್ಡಮ್ಮನ ಬಟನ್ ಅಂಗಡಿ. ಆಮೇಲೆ ಬಲಕ್ಕೆ."

"ಬಲಕ್ಕಾ? ಅಲ್ಲಿ ಮತ್ತೆ ಎಡಕ್ಕಲ್ವಾ?" ಆ ತಾಯಿ ಹಗ್ಗದ ಕೆಳಗೆ ಬಗ್ಗಿದಳು. "ಎಡ ಅಂದ್ರೆ ಯಾವ ಕೈ, ತೋರ್ಸು ಅದಕ್ಕೆ. ಎತ್ತಬೇಡ, ಕೆಳಗೇ ಇಟ್ಕೊಂಡು ತೋರ್ಸು."

ಬಟಾಣಿ ಯಾವ ಕೈ ಎಂದು ಯೋಚಿಸುತ್ತಿದ್ದಾಗ ತಾಯಿಯ ತೋಳು ಅವಳ ಸೊಂಟವನ್ನು ಸುತ್ತಿತು. ಇಬ್ಬರೂ ಪೆಟ್ಟಿಗೆಗಳ ನಡುವೆ ನೆಲಕ್ಕೆ ಕುಸಿದರು. ಪಾರಿವಾಳ ರೆಕ್ಕೆ ಬಡಿದು ಹೋಯಿತು. ಅಲ್ಲಿಯವರೆಗೆ ಕಣ್ಣಲ್ಲಿ ಹನಿ ನೀರು ತರದ ಆ ಹೆಂಗಸು ಮಗುವಿನ ಚೀಲಕ್ಕೆ ಮುಖ ಒತ್ತಿ ಅಳತೊಡಗಿದಳು. "ಬಿಡಮ್ಮ, ನೋಯತ್ತೆ," ಎನ್ನುತ್ತಿದ್ದ ಬಟಾಣಿಗೆ ಆಗ ನಾವು ಕಂಡೆವು.

"ಅಜ್ಜಿ, ನಿಂಗೆ ಮಂಡಿನೋವಲ್ವಾ? ಹೇಗೆ ಹತ್ತಿದೆ?"

ಕಥೆ ಟೀಚರ್ ಶಾಲು ತೆಗೆದರು. ಒದ್ದೆಯಾಗಿದ್ದನ್ನೇ ನಾಲ್ಕು ಮಡಿಕೆ ಮಾಡಿದರು. "ನಾನು ಅಜ್ಜಿ ಅಲ್ಲ ಮಗು. ಟೀಚರ್."

ಮಗು ಅವರನ್ನು ದಿಟ್ಟಿಸಿ ನೋಡಿತು. ಸಿಟ್ಟು ಬಂದಿತ್ತು ಅದಕ್ಕೆ. "ಹಾಗಾದ್ರೆ ಮರಿಗಳು?"



ಮರುದಿನ ಬೆಳಿಗ್ಗೆ ವಿಚಾರಣೆಯ ಕಾಗದ ಬಂತು. ಗೇಟಿನ ತಾತನನ್ನು ಕೆಲಸದಿಂದ ತೆಗೆಯುವುದೆಂದು ಹೆಚ್ಚುಕಡಿಮೆ ತೀರ್ಮಾನವಾಗಿತ್ತು. ಕಥೆ ಟೀಚರ್ ನಾಲ್ಕು ಪುಟ ಬರೆದುಕೊಟ್ಟರು. ಮಗು ಗೇಟು ದಾಟಿದ್ದು ಆಮೇಲಿನ ಮಾತು, ದಾಟಲು ಕಾರಣ ಕೊಟ್ಟವಳು ನಾನು, ಕಥೆಯನ್ನು ಮುಚ್ಚದೆ ತರಗತಿ ಬಿಟ್ಟು ಹೋದವಳೂ ನಾನು, ಗುಟ್ಟು ಎಂಬ ಮಾತನ್ನು ಐದು ವರ್ಷದ ಮಕ್ಕಳಿಗೆ ನಾನು ಹೇಳಬಾರದಿತ್ತು. ಆ ನಾಲ್ಕು ಪುಟದಲ್ಲಿ ನನ್ನ ವಿಷಯ ಒಂದು ಸಾಲೂ ಇರಲಿಲ್ಲ. ನಾನು ಹೋಗಿ ಕೇಳಿದೆ.

"ಮಕ್ಕಳನ್ನ ಕಳಿಸಿದ್ದು ನಾನು ಅಕ್ಕಾ. ಅದನ್ನ ಯಾಕೆ ಬರೆದಿಲ್ಲ?"

"ಅದು ನೀನು ಬರೀಬೇಕಾದದ್ದು," ಎಂದರು. ಅಷ್ಟೇ.

ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೇ ದಿನ ನಾನೂ ಒಂದು ಪುಟ ಬರೆದುಕೊಟ್ಟೆ. ತಾತನ ಕೆಲಸ ಉಳಿಯಿತು. ನನಗೆ ಎಚ್ಚರಿಕೆಯ ಪತ್ರ ಬಂತು. ಕಥೆ ಟೀಚರನ್ನು ಚಿಕ್ಕ ಮಕ್ಕಳ ತರಗತಿಯಿಂದ ತೆಗೆದು ದೊಡ್ಡ ಮಕ್ಕಳ ಗಣಿತಕ್ಕೆ ಹಾಕಿದರು. ಕಥೆ, ನಾಟಕ, ವೇಷ ಯಾವುದೂ ಶಾಲೆಯಲ್ಲಿ ಬೇಡ ಎಂದು ಸೂಚನಾ ಫಲಕದಲ್ಲಿ ಬರೆದು ಹಾಕಿದರು.

ಕೋಣೆ ಮಾತ್ರ ಅದೇ ಉಳಿಯಿತು, ಒಂದು ವರ್ಷ ಹಲಗೆಯಾಚೆಯಿಂದ ಮಗ್ಗಿ ಕೇಳಿಸಿತು. ಅವರು ಇನ್ನೂ ತೆಳ್ಳಗಾದರು. ಒಲೆಯ ಗುಂಡಿಯನ್ನು ಮೂರರ ಬದಲು ಆರು ಸಲ ನೋಡುತ್ತಾರೆ ಎಂದು ಅವರ ಯಜಮಾನರು ಈ ಸಲ ನಗದೆ ಹೇಳಿದರು. ಬಾಗಿಲು ಹಾಕಿಕೊಂಡು ಹೊರಡುವಾಗ, "ನಾನು ನೋಡ್ಕೋತೀನಿ, ನೀನು ಹೋಗು" ಎಂದು ಅವರೇ ದಿನವೂ ಅಡುಗೆಮನೆಯಲ್ಲಿ ನಿಲ್ಲತೊಡಗಿದರಂತೆ.

ಮುಂದಿನ ವರ್ಷದ ಮೊದಲ ತಿಂಗಳಲ್ಲಿ ಬಟಾಣಿಯ ಅಮ್ಮ ಶಾಲೆಗೆ ಬಂದಳು. ಗಣಿತದ ತರಗತಿಯ ಹೊರಗೆ ನಿಂತು ಕಾದಳು. ಕಥೆ ಟೀಚರ್ ಅವಳನ್ನು ಕಂಡು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ನಾನು ಹತ್ತಿರ ಹೋಗಿ ನಿಂತೆ, ಯಾಕಾದರೂ ಇರಲಿ ಎಂದು.

"ಆಸ್ಪತ್ರೇಲಿ ಮಕ್ಕಳ ವಾರ್ಡಿಗೆ ಬಟ್ಟೆ ಕೊಡೋಕೆ ಹೋಗ್ತೀನಿ," ಎಂದಳು. "ಸೂಜಿ ಅಂದ್ರೆ ಕಿರುಚೋ ಮಕ್ಕಳಿಗೆ ಒಂದೊಂದು ಸುಳ್ಳು ಕಥೆ ಹೇಳ್ತೀನಿ ಈಗ. ಸುಮ್ನಾಗ್ತಾವೆ. ಅವತ್ತು ಆ ಸೇತುವೆ ಮೇಲೆ ನನಗೆ ಬೇರೆ ಏನೂ ತೋಚಲಿಲ್ಲ ನೋಡಿ, ನಾನೂ ಕಥೆ ಒಳಗೇ ಹೋಗ್ಬೇಕಾಯ್ತು." ಚೌಕಟ್ಟು ಹಿಡಿದಿದ್ದ ಟೀಚರ್ ಕೈಯನ್ನು ನೋಡಿದಳು. "ನಿಮ್ಮ ಮೇಲೆ ಸಿಟ್ಟು ಹೋಗಿಲ್ಲ. ಹೋಗತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ನಮ್ಮವಳು ಶಾಲೇಲಿ ಬಾಯಿ ಬಿಡ್ತಿಲ್ಲ. ಮತ್ತೆ ಶುರು ಮಾಡಿ. ನಾನು ಹೆಡ್ ಮೇಡಂಗೆ ಬರೆದು ಕೊಡ್ತೀನಿ. ಮೊದಲನೇ ದಿನ ನಾನು ಒಳಗೆ ಕೂರ್ಬೇಕು, ಅಷ್ಟೇ."

"ನನ್ನಿಂದ ಆಗಲ್ಲ," ಎಂದರು ಕಥೆ ಟೀಚರ್. "ಬಾಯಿ ತೆಗೆದ್ರೆ ಆ ಕಿಟಕಿ ಕಾಣತ್ತೆ."

"ನನಗೂ ಕಾಣತ್ತೆ. ದಿನಾ ಬಟ್ಟೆ ತಳ್ಕೊಂಡು ಅದರ ಮುಂದೇನೇ ಹೋಗ್ತೀನಿ."

ಆ ಮಾತಿಗೆ ಕಥೆ ಟೀಚರ್ ಹೂಂ ಎಂದರು, ಶಾಲೆಯ ಒಪ್ಪಿಗೆ ಸಿಗಲು ಎರಡು ತಿಂಗಳು ಹಿಡಿಯಿತು. ಕರಾರುಗಳು ಹಲವು. ಒಳಗೆ ಇನ್ನೊಬ್ಬ ಟೀಚರ್ ಇರಬೇಕು, ಅದು ನಾನು. ಗಂಟೆಗೆ ಇಪ್ಪತ್ತು ನಿಮಿಷ ಮುಂಚೆ ಕಥೆ ಮುಗಿಯಬೇಕು. ಯಾರು ಕರೆದರೂ, ಹೆಡ್ ಮೇಡಮ್ಮೇ ಕರೆದರೂ, ಕಥೆಯ ನಡುವೆ ಏಳಬಾರದು. ಈ ಕೊನೆಯದನ್ನು ಹೆಡ್ ಮೇಡಮ್ಮೇ ತಮ್ಮ ಕೈಯಾರೆ ಬರೆದು ಸೇರಿಸಿದರು.

ಮೊದಲ ದಿನ ಬಟಾಣಿಯ ತರಗತಿಯಲ್ಲಿ ಆ ತಾಯಿ ಹಿಂದಿನ ಸಾಲಿನ ಪುಟ್ಟ ಕುರ್ಚಿಯಲ್ಲಿ ಮಂಡಿ ಎದೆಗೆ ತಾಗಿಸಿಕೊಂಡು ಕೂತಳು. ಕಥೆ ಟೀಚರ್ ಎದುರಿಗೆ ನಿಂತರು, ಬಾಯಿ ತೆರೆದರು, ದನಿ ಬರಲಿಲ್ಲ. ಒಂದು ನಿಮಿಷವಾಯಿತು. ಅವರ ಹಣೆಯ ಬೆವರು ನನಗೆ ಕಾಣುತ್ತಿತ್ತು. ಮಕ್ಕಳು ಮಿಸುಕಾಡತೊಡಗಿದವು. ಹಿಂದಿನ ಸಾಲಿನಿಂದ ಆ ತಾಯಿಯೇ, "ಒಂದೂರಲ್ಲಿ?" ಎಂದು ಕೇಳಿದಳು.

"ಒಂದೂರಲ್ಲಿ," ಎಂದರು ಕಥೆ ಟೀಚರ್, "ಒಬ್ಬ ದರ್ಜಿ ಇದ್ದ. ಅವನಿಗೆ ತನ್ನ ಕತ್ತರಿ ಕಂಡರೇ ಭಯ."

ಅದು ಒಳ್ಳೆಯ ಕಥೆಯೇನಲ್ಲ. ನಡುವೆ ಎರಡು ಸಲ ದಾರಿ ತಪ್ಪಿತು. ಆದರೆ ಕತ್ತರಿಯ ಪಾತ್ರಕ್ಕೆ ಯಾರು ಬರುತ್ತೀರಿ ಎಂದಾಗ ಬಟಾಣಿ ಕೈ ಎತ್ತಿದಳು. ಎದುರಿಗೆ ಬಂದು ಎರಡು ತೋಳನ್ನೂ ಕತ್ತರಿಯ ಹಾಗೆ ಆಡಿಸುತ್ತಾ, ಇಡೀ ವರ್ಷ ಯಾರಿಗೂ ಕೇಳಿಸದಿದ್ದ ದನಿಯಲ್ಲಿ ದರ್ಜಿಯನ್ನು ಗದರಿಸಿದಳು. ಮುಗಿದ ಮೇಲೆ ಆ ತಾಯಿ ಎದ್ದು, "ಮುಂದಿನ ವಾರ ನನಗೆ ಮಧ್ಯಾಹ್ನದ ಪಾಳಿ, ಬರಕ್ಕಾಗಲ್ಲ," ಎಂದಷ್ಟೇ ಹೇಳಿ ಹೋದಳು.

ಇದೆಲ್ಲ ಆಗಿ ಏಳು ವರ್ಷವಾಯಿತು. ಕಥೆ ಟೀಚರ್ ಈಗಲೂ ಚಿಕ್ಕ ಮಕ್ಕಳಿಗೆ ಕಥೆ ಆಡುತ್ತಾರೆ. ಗುಟ್ಟು ಎಂಬ ಮಾತು ಅವರ ಕಥೆಗಳಲ್ಲಿ ಮತ್ತೆ ಬಂದಿಲ್ಲ. ಭಯ ಹೋಯಿತೇ ಎಂದರೆ ಇಲ್ಲ, ಜಾಗ ಬದಲಿಸಿದೆ ಅಷ್ಟೇ. ಕೊನೆಯ ಗಂಟೆಯಾದ ಮೇಲೆ ಗೇಟಿನ ಬಳಿ ನಿಲ್ಲುತ್ತಾರೆ, ಮಳೆಯಿರಲಿ ಬಿಸಿಲಿರಲಿ. ಒಂದೊಂದು ಮಗುವನ್ನು ಕರೆದೊಯ್ಯಲು ಬಂದವರ ಮುಖ ನೋಡಿ, ಮಗುವಿನ ಮುಖ ನೋಡಿ, ಆಮೇಲೆ ಕೈ ಬಿಡುತ್ತಾರೆ. ಮೊನ್ನೆ ನಾನು ಚೀಲ ಹೆಗಲಿಗೇರಿಸಿಕೊಂಡು ಹೊರಟಾಗ ಅವರ ಬಸ್ಸು ಸ್ಟಾಪಿಗೆ ಬಂದು ನಿಂತಿತ್ತು.

"ಅಕ್ಕಾ, ಬಸ್ಸು ಹೋಗತ್ತೆ ನೋಡಿ," ಎಂದೆ.

ಅವರು ರಸ್ತೆಯ ತಿರುವಿನಿಂದ ಕಣ್ಣು ಕೀಳಲಿಲ್ಲ. ಎರಡೂ ಕೈಯಲ್ಲಿ ಒಂದೊಂದು ಪುಟ್ಟ ಕೈ ಇತ್ತು.

"ಹೋಗ್ಲಿ ಬಿಡು. ಇನ್ನೂ ಇಬ್ಬರಿದ್ದಾರೆ."